ದೊರೆ ಬಿದ್ದರೆ ನಗಬಾರದು

ಕೋಲಾರ, ೧೦ ಫೆಬ್ರವರಿ ೧೯೪೨, ಮಂಗಳವಾರ

ಫಿಲಂ ಬಂತು. ನಮ್ಮ ಡೇರೆ ಸಿನಿಮಾದ ಯಜಮಾನರಾದ ರಜಾಕ್ ಸಾಹೇಬರು ಬೆಂಗಳೂರು ದಂಡಿನಿಂದ ತಗಡಿನ ಡಬ್ಬಗಳನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ಬಂದರು. ಡೇರೆಯ ಬಾಗಿಲಲ್ಲಿ ಹೊಸ ಸೊಸೆಯನ್ನು ಇಳಿಸಿಕೊಳ್ಳುವಷ್ಟು ಜೋಪಾನವಾಗಿ ಇಳಿಸಿಕೊಂಡು, "ಆಸ್ಟ್ರೇಲಿಯಾದ್ದು ಮೇಷ್ಟ್ರೇ! ಪೂರಾ ನಗೋ ಫಿಲಂ. ದಂಡಲ್ಲಿ ಸೋಲ್ಜರುಗಳು ಹೊಟ್ಟೆ ಹಿಡ್ಕೊಂಡು ಬಿದ್ದು ಬಿದ್ದು ನಕ್ಕಿದಾರೆ" ಅಂದರು.

ಆಮೇಲೆ ದನಿ ತಗ್ಗಿಸಿದರು. "ಇದು ಇಂಗ್ಲಿಷ್ ಮಾತು. ಪರದೆ ಪಕ್ಕ ನಿಂತು ಹೇಳೋರು ಬೇಕೇ ಬೇಕು. ಓಡಿದ್ರೆ ನೀವು ಇರ್ತೀರಿ. ಓಡ್ಲಿಲ್ಲ ಅಂದ್ರೆ, ನೀವೇ ಹೇಳಿ, ಏನಂತ ನಿಮ್ಮನ್ನ ಇಟ್ಕೊಳ್ಲಿ?"

ನ್ಯಾಯವಾದ ಪ್ರಶ್ನೆ. ಮೂಕಿ ಚಿತ್ರಗಳ ಕಾಲದಲ್ಲಿ ತಗಡಿನ ಭೋಂಗಾ ಹಿಡಿದು ಕಥೆ ಹೇಳುತ್ತಿದ್ದವನು ನಾನು. ಚಿತ್ರಗಳಿಗೆ ಬಾಯಿ ಬಂತು, ನನ್ನ ಬಾಯಿಗೆ ಬೀಗ ಬಿತ್ತು. ಎರಡು ವರ್ಷದಿಂದ ಈ ಡೇರೆಯಲ್ಲಿ ಬೆಂಚು ಸರಿಸುತ್ತ, ಬೀಡಿ ಸೇದುವವರನ್ನು ಗದರಿಸುತ್ತ ಕಾಲ ಹಾಕಿದ್ದೇನೆ. ಇದೂ ಹೋದರೆ ಮಾಲೂರೇ ಗತಿ. ನನ್ನ ಹೆಂಡತಿಯ ತಮ್ಮ ವೆಂಕಟರಾಯಪ್ಪನ ಹೆಂಚಿನ ಕಾರ್ಖಾನೆ. ಅವನ ಕೈಕೆಳಗೆ ಗುಮಾಸ್ತಿಕೆ, ಅವನ ಮನೆಯ ಹಿತ್ತಿಲ ಕೋಣೆ, ಅವನು ಬಡಿಸಿದ್ದು ಊಟ. ಬಂದವರಿಗೆಲ್ಲ "ನಮ್ಮ ಭಾವ, ಬಿ.ಎ., ಅದೂ ಕನ್ನಡದಲ್ಲಿ!" ಎಂದು ತೋರಿಸಿ ನಗುತ್ತಾನೆ. ಟೇಕಲ್ಲಿನ ಮನೆಯಲ್ಲಿ ನನ್ನ ಹೆಂಡತಿ ಶಾಮಲಮ್ಮ ಆಗಲೇ ಟ್ರಂಕು ಒರೆಸಿ ಇಟ್ಟಿದ್ದಾಳಂತೆ.

ಸಂಜೆ ಮೊದಲ ಆಟ. ಕಥೆ ಇಷ್ಟು: ಒಬ್ಬ ಗಡ್ಡದ ಬಿಳಿಯ ರೈತ, ಅವನ ಹೆಂಡತಿ, ಒಂಟೆಯಂತೆ ಬೆಳೆದ ದೊಡ್ಡ ಮಗ, ಇನ್ನಷ್ಟು ಮಕ್ಕಳು. ಮನೆ ಕಟ್ಟುತ್ತಾರೆ, ಬೀಳುತ್ತದೆ. ಏಣಿ ಹತ್ತುತ್ತಾರೆ, ಬೀಳುತ್ತಾರೆ. ಹಾಲು ಕರೆಯುತ್ತಾರೆ, ಹಸು ಒದೆಯುತ್ತದೆ. ಅವರ ಮಾತಿಗೂ ನಾನು ಓದಿದ ಇಂಗ್ಲಿಷಿಗೂ ಮುಖಪರಿಚಯವೂ ಇಲ್ಲ. ಮೂಗಿನಿಂದ ಆಡುತ್ತಾರೋ ಕಿವಿಯಿಂದ ಆಡುತ್ತಾರೋ ತಿಳಿಯದು. ಅದಕ್ಕೆ ಹೆದರಲಿಲ್ಲ. ಪ್ರಾಸ ಕಟ್ಟಿಕೊಂಡು ಹೋಗಿದ್ದೆ. "ಏಣಿ ಹತ್ತಿದ ಅಪ್ಪಯ್ಯ, ಗೋಣಿಯಾಗಿ ಬಿದ್ದ ತೊಪ್ಪಯ್ಯ!" ಎಂದು ಭೋಂಗಾದಲ್ಲಿ ಕೂಗಿದೆ.

ಡೇರೆಯಲ್ಲಿ ಒಂದು ಸೊಳ್ಳೆ ಹಾರಿದರೂ ಕೇಳಿಸುವಷ್ಟು ಮೌನ.

ಆಮೇಲೆ ಗೊತ್ತಾಯಿತು. ನೆಲದ ಮೇಲೆ ಕೂತವರೆಲ್ಲ ಕತ್ತು ತಿರುಗಿಸಿ ಹಿಂದಿನ ಕುರ್ಚಿಗಳನ್ನು ನೋಡುತ್ತಿದ್ದರು. ಕುರ್ಚಿಯಲ್ಲಿ ಪೊಲೀಸ್ ಇನ್ಸ್‌ಪೆಕ್ಟರು, ಇಬ್ಬರು ವಕೀಲರು. ಬಿಳಿಯ ದೊರೆಯೊಬ್ಬ ಕೆಸರಿಗೆ ಬಿದ್ದರೆ ನಗಬಹುದೋ ಬಾರದೋ, ಕುರ್ಚಿ ಹೇಳಲಿ ಎಂದು ನೆಲ ಕಾಯುತ್ತಿತ್ತು. ಕುರ್ಚಿ ಮೀಸೆ ತಿರುವಿಕೊಂಡು ಸುಮ್ಮನಿತ್ತು.

ಕುರ್ಚಿ ನಗದೆ ನೆಲ ನಗದು;
ನೆಲ ನಗದೆ ನನ್ನ ಹೊಟ್ಟೆ ತುಂಬದು.

ಕೋಲಾರ, ೧೨ ಫೆಬ್ರವರಿ

ಜನ ಬರುತ್ತಾರೆ, ನೋಡುತ್ತಾರೆ, ನಂಬುವುದಿಲ್ಲ. ಇವರು ಕಂಡ ಬಿಳಿಯರೆಲ್ಲ ಚಿನ್ನದ ಗಣಿಯ ದೊರೆಗಳು, ಕುದುರೆಯಿಂದ ಇಳಿದರೆ ಮೋಟಾರು. ಇಲ್ಲಿ ನೋಡಿದರೆ ದೊರೆ ಹರಿದ ಷರಾಯಿಯಲ್ಲಿ ನೇಗಿಲು ಹಿಡಿದಿದ್ದಾನೆ.

"ದೊರೆ ಗೊಬ್ಬರ ಹೊರ್ತಾನೇನ್ಲಾ? ಸುಣ್ಣ ಬಳ್ಕೊಂಡಿರೋರು ಕಣೋ ಇವ್ರು, ನಮ್ಮೋರೇ."

"ಹಸ ನೋಡ್ಲಾ, ಹಸ. ಕರು ಬಿಡ್ದೇನೇ ಕರೀತಾವ್ನೆ, ಒದೀದೆ ಇನ್ನೇನ್ ಮಾಡ್ತದೆ?"

ಹಾಲಿನ ಬಕೇಟು ಉರುಳಿದಾಗ ಇಡೀ ಡೇರೆ "ಅಯ್ಯೋ" ಅಂತು. ನಿಜವಾದ ಅಯ್ಯೋ. ಮುದುಕನೊಬ್ಬ ಎದ್ದೇ ಹೋದ. ಕ್ಯಾಂಗರೂ ಬಂದಾಗ ಮಾತ್ರ ಹೆಂಗಸರ ಕಡೆಯ ಪರದೆಯ ಆಚೆ ಸ್ವಲ್ಪ ಗದ್ದಲ. "ಮಡ್ಲಾಗೆ ಮಗು ಇಟ್ಕಂಡೈತೆ ನೋಡೇ, ಬಾಣಂತಿ!"

ರಜಾಕ್ ಸಾಹೇಬರು ಬಂದು ಹೆಗಲ ಮೇಲೆ ಕೈಯಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. "ಮಾಲೂರಲ್ಲಿ ನೋಡೋಣ" ಅಂದರು. ಮಾಲೂರಂತೆ!

ಮಾಲೂರು, ೧೮ ಫೆಬ್ರವರಿ

ನಕ್ಕರು. ದೇವರೇ, ನಕ್ಕರು. ಬೇಡವಾಗಿತ್ತು.

ಸಿಂಗಪುರ ಜಪಾನಿಯರ ಕೈಗೆ ಬಿದ್ದ ಸುದ್ದಿ ಮೊನ್ನೆಯಿಂದ ಎಲ್ಲರ ಬಾಯಲ್ಲಿ. ಸಂತೆಯಲ್ಲಿ ಬೆಲ್ಲ ತೂಗುವವನೂ ಜಪಾನಿನ ಮಾತು ಆಡುತ್ತಾನೆ. ಇಂಥ ದಿನ ಡೇರೆ ತುಂಬಿತ್ತು. ವೆಂಕಟರಾಯಪ್ಪ ಜರಿಪಂಚೆ ಉಟ್ಟು ಕುರ್ಚಿಯಲ್ಲಿ ಕೂತಿದ್ದ, ಭಾವನ ಪ್ರತಾಪ ನೋಡಲು. ಗಡ್ಡದ ದೊರೆ ಏಣಿ ಹತ್ತಿದ. ಏಣಿ ಅಲ್ಲಾಡಿತು. ನಾನು ಭೋಂಗಾ ಎತ್ತಿದೆ. ಅಷ್ಟರಲ್ಲಿ ನೆಲದಿಂದ ಯಾವನೋ ಪುಣ್ಯಾತ್ಮ, "ಸಿಂಗಪುರ!" ಎಂದು ಕೂಗಿದ.

ದೊರೆ ದಬಕ್ಕನೆ ಹೊಂಡಕ್ಕೆ ಬಿದ್ದ. ಡೇರೆ ಒಡೆದುಹೋಯಿತು. ಅದಾದ ಮೇಲೆ ಬಿದ್ದದ್ದಕ್ಕೆಲ್ಲ ಒಂದೊಂದು ಊರು: ಮನೆ ಬಿದ್ದರೆ ಮಲಯಾ, ಬೇಲಿ ಬಿದ್ದರೆ ಪಿನಾಂಗು. ಕುರ್ಚಿಯಲ್ಲೂ ನಗು. ವೆಂಕಟರಾಯಪ್ಪನಿಗೆ ಕೆಮ್ಮು ಹತ್ತಿತು. ಬಾಗಿಲಲ್ಲಿ ನಿಂತ ಪೇದೆ ಮಾತ್ರ ಪೆನ್ಸಿಲು ನೆಕ್ಕಿ ನೆಕ್ಕಿ ಬರೆದುಕೊಳ್ಳುತ್ತಿದ್ದ. ನಾನು ಅವನ ಪೆನ್ಸಿಲನ್ನೇ ನೋಡುತ್ತ ಕಥೆ ಹೇಳಿದೆ. ಏನು ಹೇಳಿದೆನೋ ನೆನಪಿಲ್ಲ.

ಮಾಲೂರು, ೧೯ ಫೆಬ್ರವರಿ

ಅಮಲ್ದಾರರು ಕರೆಸಿದರು. ರಜಾಕ್ ಸಾಹೇಬರೂ ನಾನೂ ಜಗುಲಿಯ ಮೇಲೆ ನಿಂತೆವು. ಅವರು ಒಳಗೆ ಕಾಫಿ ಮುಗಿಸಿ ಬಂದರು.

"ಲೈಸೆನ್ಸು ಕೊಡೋದು ಜನ ಸಂತೋಷವಾಗಿರಲಿ ಅಂತ. ರಾಜದ್ರೋಹ ಮಾಡ್ಲಿ ಅಂತಲ್ಲ."

"ಹುಜೂರ್, ಅದು ನಗೋ ಫಿಲಂ" ಎಂದರು ಸಾಹೇಬರು.

"ನಗಲಿ. ಐರೋಪ್ಯರನ್ನ ನೋಡಿ ನಗಬಾರದು."

"ಅದರಲ್ಲಿ ಇರೋರೆಲ್ಲ ಅವರೇ ಸ್ವಾಮಿ" ಎಂದೆ.

ಅಮಲ್ದಾರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಓದಿದವರು. ನಗು ಬಾರದ ಹಾಗೆ ವಿವರಿಸಿ. ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಾನೇ ಬರೀತೀನಿ. ಇನ್ನೊಂದು ಸಲ ಇಂಥ ಗಲಾಟೆ ಆದ್ರೆ ಡೇರೆ ಎಲ್ಲಿದ್ರೂ ಬಿಚ್ಚಿಸ್ತಾರೆ."

ಹೊರಗೆ ಬಂದಾಗ ಸಾಹೇಬರ ಬೆನ್ನು ಬೆವರಿನಲ್ಲಿ ತೊಯ್ದಿತ್ತು. "ಮೇಷ್ಟ್ರೇ, ಈಗ ನೀವೇ ಗತಿ. ಡೇರೆ ಉಳಿದ್ರೆ ನಿಮ್ಮ ಕೆಲಸ, ನಿಮ್ಮ ಕೆಲಸ ಆದ್ರೆ ಡೇರೆ."

ನಕ್ಕರೆ ಅಮಲ್ದಾರರ ಕಾಟ;
ನಗದಿದ್ದರೆ ಭಾವಮೈದನ ಊಟ.

ಮುಳಬಾಗಿಲು, ೩ ಮಾರ್ಚ್

ದಾರಿ ಸಿಕ್ಕಿತು. ನಾಚಿಕೆಯ ದಾರಿ, ಆದರೂ ದಾರಿ.

ನಗಿಸಬಾರದು ಎಂದ ಮೇಲೆ ಅಳಿಸುವುದೊಂದೇ ಉಳಿದದ್ದು. ಬೀಳುವವನನ್ನು ನೋಡಿ ನಗುವುದೋ ಮರುಗುವುದೋ, ಅದು ಪಕ್ಕದಲ್ಲಿ ನಿಂತವನ ದನಿಯಲ್ಲಿದೆ. ಗಡ್ಡದವನಿಗೆ ದೊಡ್ಡವೆಂಕಟಪ್ಪ ಎಂದು ಹೆಸರಿಟ್ಟೆ, ಹೆಂಡತಿಗೆ ಚಿಕ್ಕಗಂಗಮ್ಮ. ದೊರೆ ಎಂಬ ಮಾತೇ ಎತ್ತಲಿಲ್ಲ. ಏಣಿ ಬಿದ್ದಾಗ ದನಿ ತಗ್ಗಿಸಿ, "ನೋಡಿ ತಾಯಂದಿರಾ, ಸೂರಿಲ್ಲದ ಸಂಸಾರ. ವಯಸ್ಸಾದ ಮನುಷ್ಯ. ಸೊಂಟ ಮುರೀತು" ಎಂದೆ. ಹಾಲು ಚೆಲ್ಲಿದಾಗ, "ಇದ್ದದ್ದು ಅದೊಂದೇ ಹಸು. ಇವತ್ತು ಮಕ್ಕಳಿಗೆ ನೀರೇ ಹಾಲು" ಎಂದೆ.

ಹೆಂಗಸರ ಪರದೆಯ ಆಚೆ ಯಾರೋ ಮೂಗು ಸೀಟಿದರು. ಆಮೇಲೆ ಇನ್ನೊಬ್ಬರು.

ಕೊನೆಯಲ್ಲಿ ಒಂದು ತೊಡಕು. ದೊಡ್ಡ ಮಗ ಹೊಳೆಗೆ ಬಿದ್ದು ತೇಲಿಹೋಗುತ್ತಾನೆ. ಮನೆಯವರು ಸತ್ತನೆಂದುಕೊಂಡು ಪ್ರಾರ್ಥನೆಗೆ ಕೂರುತ್ತಾರೆ. ಕೊನೆಯ ರೀಲಿನಲ್ಲಿ ಆ ಮಗ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಕೂತು, ತೇಲಿಕೊಂಡು ಬಂದು, ತನ್ನ ತಿಥಿಯ ಊಟಕ್ಕೆ ತಾನೇ ಕೈ ಹಾಕುತ್ತಾನೆ. ತಾಯಿ ಪೊರಕೆ ಹಿಡಿದು ಅಂಗಳವೆಲ್ಲ ಅಟ್ಟಿಸಿಕೊಂಡು ಹೊಡೆಯುತ್ತಾಳೆ. ಅದನ್ನು ಕಂಡು ಕಲ್ಲೂ ನಗುತ್ತದೆ. ಮಿಷನ್ ನಡೆಸುವ ಮುನಿಶಾಮಿಗೆ, "ಆ ರೀಲು ಹಾಕಬೇಡ" ಎಂದೆ.

"ಹುಡ್ಗ ಸತ್ತೇ ಹೋಗ್ತಾನಲ್ಲ ಸಾರ್!"

"ಸಾಯಲಿ."

ಹುಡುಗ ಸತ್ತ. ಡೇರೆ ಅತ್ತಿತು. ಬಾಗಿಲ ಪೇದೆಯೂ ರುಮಾಲಿನ ತುದಿ ಕಣ್ಣಿಗೆ ಒತ್ತಿಕೊಂಡ. ಅವನ ಪೆನ್ಸಿಲು ಜೇಬಿನಲ್ಲೇ ಇತ್ತು.

ಅತ್ತರೆ ಉಂಟು ಲೈಸೆನ್ಸು, ಅದೇ ಇಂದಿನ ಸೆ (ಪ್ರಾಸ ಸಿಗಲಿಲ್ಲ. ನಿದ್ದೆ ಬರುತ್ತಿದೆ.)

ಮುಳಬಾಗಿಲು, ೯ ಮಾರ್ಚ್

ಗಾಡಿ ಕಟ್ಟಿಕೊಂಡು ಬರುತ್ತಿದ್ದಾರೆ. ಹೆಂಗಸರ ಕಡೆ ಜಾಗ ಸಾಲದೆ ಪರದೆಯನ್ನು ಎರಡು ಸಲ ಗಂಡಸರ ಕಡೆಗೆ ಸರಿಸಿದೆವು. ಅಮಲ್ದಾರರ ಮನೆಯವರೂ ಬಂದು ಅತ್ತುಹೋದರು. ರಜಾಕ್ ಸಾಹೇಬರು ನನಗೆ ಹೊಸ ಭೋಂಗಾ ಮಾಡಿಸಿದ್ದಾರೆ. "ಇನ್ನು ನಾಲ್ಕು ತಾಲ್ಲೂಕು ಇದೇ ಆಟ. ಮಳೆಗಾಲ ಮುಗಿದ ಮೇಲೂ ನೀವೇ" ಅಂದರು. ಶಾಮಲಮ್ಮನಿಗೆ ಟ್ರಂಕು ಮತ್ತೆ ಅಟ್ಟಕ್ಕೆ ಏರಿಸು ಎಂದು ಬರೆದೆ.

ನೆಮ್ಮದಿಯಾಗಿರಬೇಕು. ಆಗಿಲ್ಲ. ಇವರು ಇಷ್ಟು ಯಾಕೆ ಅಳುತ್ತಾರೆ? ನಾನು ಅಷ್ಟೇನೂ ಚೆನ್ನಾಗಿ ಹೇಳುವುದಿಲ್ಲ. ಇವತ್ತು ಮಾತೇ ಮರೆತು ನಿಂತೆ, ಆಗಲೂ ಅಳುತ್ತಿದ್ದರು.

ಶ್ರೀನಿವಾಸಪುರ, ೧೮ ಮಾರ್ಚ್

ಇಲ್ಲಿಗೆ ಬಂದು ನಾಲ್ಕು ದಿನ. ಇಲ್ಲಿನ ಅಮಲ್ದಾರರು ಮಾಲೂರಿನ ಕಾಗದ ತೋರಿಸಿಯೇ ಒಳಗೆ ಬಿಟ್ಟಿದ್ದರು. ಶನಿವಾರ ತಾವೇ ಬರುತ್ತಾರಂತೆ.

ಆಟ ಮುಗಿದ ಮೇಲೆ ಎಲ್ಲರೂ ಹೋದರೂ ಒಬ್ಬ ಹೆಂಗಸು ಹೆಂಗಸರ ಕಡೆಯ ಕಂಬ ಹಿಡಿದು ನಿಂತಿದ್ದಳು. ಯಲ್ದೂರಿನವಳು, ಹೆಸರು ದೊಡ್ಡಮುನಿಯಮ್ಮ. ಮಾವಿನ ತೋಪು ಕಾಯುವ ಮನೆ. ಐವತ್ತರ ಮೇಲೆ ಇರಬಹುದು. ಮೂರು ದಿನದಿಂದ ಬರುತ್ತಿದ್ದಾಳಂತೆ.

"ಸಾಮೀ, ಒಂದು ಮಾತು. ಆ ಪಿಲ್ಲೋಡು ಮಳ್ಳಿ ರಾಡಾ?"

"ಯಾವ ಹುಡುಗ?"

"ಹೊಳೇಲಿ ಹೋದ್ನಲ್ಲ, ಆ ಉದ್ದುಕ್ಕಿರೋನು. ಮತ್ತೆ ಬರಾದಿಲ್ವಾ?"

"ಇಲ್ಲಮ್ಮ. ಹೋದ."

"ಹೆಣ ಸಿಕ್ತಾ?"

ಸಿಕ್ಕಿತು ಎನ್ನಲೇ? ನಾನಂತೂ ಆ ಭಾಗ ಕಟ್ಟಿರಲೇ ಇಲ್ಲ.

"ಹೆಣ ಸಿಗ್ದೇನೇ ತಿಥಿ ಮಾಡ್ತಾರಾ ಆ ದೇಶದಾಗೆ? ತಪ್ಪು ಸಾಮೀ ಅದು" ಎಂದಳು, ನನ್ನನ್ನೇ ಗದರಿಸುವ ಹಾಗೆ.

ಅವಳ ಮಗ ಕದಿರೇಶ ಪಟಾಲಮ್ಮಿಗೆ ಸೇರಿ ಹಡಗು ಹತ್ತಿದ್ದಾನೆ. ಸಿಂಗಪುರದಲ್ಲಿದ್ದ. ಆಮೇಲೆ ಸುದ್ದಿಯಿಲ್ಲ.

"ಮೂರು ದಿನ ಇದನ್ನೇ ನೋಡಿದೀಯಲ್ಲಮ್ಮ, ಮತ್ತೆ ಯಾಕೆ ಬರ್ತೀಯ?" ಎಂದೆ.

"ಅಳಾಕೆ ಸಾಮೀ. ಮನೇಲಿ ಅಳಂಗಿಲ್ಲ. ಇರೋನಿಗೆ ಅತ್ತರೆ ಕೇಡು ಅಂತ ಅತ್ತೆ ಬೈತಾಳೆ. ಇಲ್ಲಿ ಎಲ್ಲಾರೂ ಅಳ್ತಾರಲ್ಲ, ಯಾರ್ಗೂ ತಿಳಿಯಲ್ಲ. ನಮ್ಮೂರಿಂದ ಇನ್ನೂ ಇಬ್ರು ಬರ್ತಾರೆ. ಅವ್ರ ಮನೇರೂ ಸಿಂಗಪುರದಾಗೇ ಅವ್ರೆ."

ಸೆರಗು ಹೊದ್ದುಕೊಂಡು ಹೋದಳು.

ಮುಳಬಾಗಿಲಿನ ಗಾಡಿಗಳೆಲ್ಲ ಈಗ ಅರ್ಥವಾಗುತ್ತಿವೆ.

ಶ್ರೀನಿವಾಸಪುರ, ೧೯ ಮಾರ್ಚ್

ಅವಳು ಇವತ್ತೂ ಬಂದಿದ್ದಳು. ಹೊಳೆಯ ದೃಶ್ಯ ಬಂದಾಗ ನಾನು, "ಹುಡುಗ ಸಿಗಲಿಲ್ಲ" ಎಂದೆ. "ಸತ್ತ" ಎನ್ನಲಿಲ್ಲ. ಸಾಹೇಬರು ಆಮೇಲೆ, "ಇವತ್ತು ಅಳು ಸ್ವಲ್ಪ ಕಮ್ಮಿ ಆಯ್ತಲ್ಲ" ಅಂದರು.

೨೦ ಮಾರ್ಚ್

ಮುನಿಶಾಮಿಯನ್ನು ಸುಮ್ಮನೆ ಕೇಳಿದೆ, ಆ ರೀಲು ಇದೆಯೇ ಎಂದು. ಡಬ್ಬದಲ್ಲೇ ಇದೆಯಂತೆ. ಸುಮ್ಮನೆ ಕೇಳಿದೆ ಅಷ್ಟೆ. ನಾಳೆ ಅಮಲ್ದಾರರು ಬರುವ ದಿನ. ವೆಂಕಟರಾಯಪ್ಪನ ಹಿತ್ತಿಲ ಕೋಣೆಗೆ ಕಿಟಕಿ ಇಲ್ಲ.

ಶ್ರೀನಿವಾಸಪುರ, ೨೧ ಮಾರ್ಚ್, ಶನಿವಾರ

ಬರೆದು ಮಲಗುತ್ತೇನೆ.

ಅಮಲ್ದಾರರು ಮಧ್ಯದ ಕುರ್ಚಿಯಲ್ಲಿ ಕೂತರು. ರಜಾಕ್ ಸಾಹೇಬರು ಅವರಿಗೆ ನಿಂಬೆಯ ಷರಬತ್ತು ಕೊಟ್ಟರು. ಹೆಂಗಸರ ಕಡೆ ಮುಂದಿನ ಸಾಲಿನಲ್ಲೇ ದೊಡ್ಡಮುನಿಯಮ್ಮ, ಅವಳ ಪಕ್ಕ ಇನ್ನಿಬ್ಬರು. ಎಲ್ಲ ಎಂದಿನಂತೆ ನಡೆಯಿತು. ಏಣಿ, ಸೊಂಟ, ಹಾಲು, ಹೊಳೆ. ಅಳು ಶುರುವಾಯಿತು. ಪ್ರಾರ್ಥನೆಗೆ ಕೂತರು. ಆಟ ಮುಗಿಸಿ ಡೇರೆಯ ದೀಪ ಹಚ್ಚುವ ಹೊತ್ತು. ನಾನು ಮಿಷನ್ನಿನ ಹತ್ತಿರ ಹೋಗಿ, "ಹಾಕು" ಎಂದೆ.

"ಏನು ಸಾರ್?"

"ಕೊನೇದು ಹಾಕು."

"ಅಮಲ್ದಾರ್ರು ಕೂತವ್ರೆ ಸಾರ್."

"ನನಗೆ ಕಾಣುತ್ತೆ ಮುನಿಶಾಮಿ."

ಅವನು ಡಬ್ಬ ಬಿಚ್ಚಿದ.

ನಾನು ತೆರೆಯ ಪಕ್ಕಕ್ಕೆ ಬಂದು ನಿಂತೆ. ಭೋಂಗಾ ಎತ್ತಲಿಲ್ಲ. ಹೇಳುವುದಕ್ಕೆ ಏನಿತ್ತು? ಹೊಳೆಯ ತಿರುವಿನಲ್ಲಿ ತೊಟ್ಟಿ ಕಾಣಿಸಿತು. ತೊಟ್ಟಿಯಿಂದ ಎರಡು ಉದ್ದನೆಯ ಕಾಲು.

ಆಮೇಲೆ ಹೆಂಗಸರ ಕಡೆಯಿಂದ ಒಂದು ದನಿ: "ವಚ್ಚೆ! ವಚ್ಚೆರಾ ನಾಯ್ನಾ! ಬಂದ್ನಲ್ಲೇ!"

ಡೇರೆ ಎದ್ದು ನಿಂತಿತು. ಹುಡುಗ ತೊಟ್ಟಿಯೊಂದಿಗೇ ದಡಕ್ಕೆ ಬಡಿದು, ಮೂರು ಉರುಳು ಉರುಳಿ, ತಿಥಿಯ ಊಟದ ಮೇಲೆ ಹೋಗಿ ಬಿದ್ದ. "ತಿನ್ನಲಾ, ತಿನ್ನು, ಹಸ್ದಿದೀಯ!" ಎಂದು ಗಂಡಸರು ಕೂಗಿದರು. ಚಿಕ್ಕಗಂಗಮ್ಮ ಪೊರಕೆ ಎತ್ತಿದಳು. "ಹೊಡಿಯೇ! ಇನ್ನೊಂದು ಬಿಡು! ಎಲ್ಗೋಗಿದ್ದೆ ಅಂತ ಕೇಳು!" ಪರದೆ ಕಿತ್ತುಹೋಗಿ ಹೆಂಗಸರೂ ಗಂಡಸರೂ ಒಂದಾಗಿದ್ದರು. ಗಡ್ಡದವನು ಜಾರಿ ಕೆಸರಿಗೆ ಬಿದ್ದ. ಸೂರು ಅವನ ಮೇಲೆ ಬಿತ್ತು. ಕುರ್ಚಿಯ ಕಡೆ ಒಬ್ಬರೂ ತಿರುಗಲಿಲ್ಲ. ಅತ್ತ ಕೆನ್ನೆ ಒರೆಸಿಕೊಳ್ಳದೆ ನಗುತ್ತಿದ್ದರು.

ದೊಡ್ಡಮುನಿಯಮ್ಮ ನನ್ನ ಮುಂದೆಯೇ ಹಾದು ಹೋದಳು. ಕೋಪದಲ್ಲಿದ್ದಳು. "ಬದುಕಿರೋನ್ನ ಇಷ್ಟು ದಿನ ಸಾಯಿಸ್ದೆಯಲ್ಲ ಸಾಮೀ, ನಿನ್ ನಾಲಗೆ ಸೇದೋಗ!" ಎಂದು ಬೈದು, ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ಬರ್ಲಿ ನನ್ ಮಗ. ನಾನೂ ಹಂಗೇ ಬಾರಿಸ್ತೀನಿ, ಪೊರ್ಕೇಲೇ."

ಅಮಲ್ದಾರರು ಷರಬತ್ತಿನ ಲೋಟ ಅರ್ಧಕ್ಕೇ ಇಟ್ಟು ಹೋಗಿದ್ದರು.

ಶ್ರೀನಿವಾಸಪುರ, ೨೨ ಮಾರ್ಚ್

ಬೆಳಗ್ಗೆಯೇ ಪೇದೆ ಬಂದ. ಈ ತಾಲ್ಲೂಕಿನಲ್ಲಿ ಲೈಸೆನ್ಸು ರದ್ದು, ಸಂಜೆಯೊಳಗೆ ಮೈದಾನ ಖಾಲಿ.

ರಜಾಕ್ ಸಾಹೇಬರು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು. "ಯಾಕೆ ಮೇಷ್ಟ್ರೇ? ನಾನೇನು ತಪ್ಪು ಮಾಡಿದ್ದೆ ನಿಮಗೆ?"

"ನಿಮ್ಮ ತಪ್ಪು ಏನೂ ಇಲ್ಲ."

"ಮತ್ತೆ?"

"ರೀಲು ಇತ್ತಲ್ಲ. ಹಾಕಿಸಿದೆ." ಬಿ.ಎ. ಓದಿದವನಿಂದ ಹೊರಟ ಉತ್ತರ ಇದು.

ಅವರು ಅಂಗೈಯ ಮರಳು ಕೊಡವಿಕೊಂಡರು. "ಡೇರೆ ಚಿಂತಾಮಣಿಗೆ ಹೋಗುತ್ತೆ. ತೆಲುಗು ಫಿಲಂ ತರಿಸ್ತೀನಿ. ಅದು ತಾನೇ ಮಾತಾಡುತ್ತೆ." ಎದ್ದು, "ನಮ್ಮ ಮಗಳು ಕರೀಮುನ್ನೀಸಾ ನಿನ್ನೆ ಬಂದಿದ್ಲು ಆಟಕ್ಕೆ. ರಾತ್ರಿಯೆಲ್ಲ ನಗ್ತಾ ಇದ್ಲು, ಹುಚ್ಚಿ" ಎಂದು ಕಂಬ ಕೀಳಿಸಲು ಹೋದರು.

ನಾಳೆ ಬೆಳಗಿನ ರೈಲಿಗೆ ಮಾಲೂರು. ವೆಂಕಟರಾಯಪ್ಪನಿಗೆ ತಂತಿ ಕೊಡಲಿಲ್ಲ; ಹೇಗೂ ನಗುತ್ತಾನೆ, ಎದುರಿಗೇ ನಗಲಿ.

ಹೊತ್ತು ಇಳಿಯುವಾಗ ದೊಡ್ಡಮುನಿಯಮ್ಮ ಬಂದಳು. ಜೊತೆಗೆ ಏಳೆಂಟು ಹೆಂಗಸರು. ಒಬ್ಬಳಂತೂ ತುಂಬಾ ಮುದುಕಿ. ಅವಳೇ ಬೈಯುವ ಅತ್ತೆ ಎಂದು ಆಮೇಲೆ ತಿಳಿಯಿತು. ಡೇರೆ ಇದ್ದ ಜಾಗದಲ್ಲಿ ಬರೀ ಮರಳು, ಗುಂಡಿಗಳು, ಕಡಲೆಕಾಯಿ ಸಿಪ್ಪೆ.

"ಎಲ್ಲಿ ಸಾಮೀ ಡ್ಯಾರೆ? ಇವ್ರೆಲ್ಲ ಹುಡ್ಗ ಬರಾದ್ನ ನೋಡ್ಬೇಕು ಅಂತ ಬಂದವ್ರೆ. ಯಲ್ದೂರಿಂದ ನಡ್ಕೊಂಡು."

"ಆಟ ಇಲ್ಲಮ್ಮ. ಮುಗೀತು."

ಯಾರೂ ಹೋಗಲಿಲ್ಲ. ಅತ್ತೆಯೆಂಬವಳು ಸೊಂಟದ ಮೇಲೆ ಕೈಯಿಟ್ಟು ಮರಳನ್ನೇ ನೋಡುತ್ತಿದ್ದಳು. ಇನ್ನೊಬ್ಬಳು ಆಗಲೇ ಮರಳು ಗುಡ್ಡೆ ಮಾಡಿಕೊಂಡು ಕೂತಿದ್ದಳು.

ಭೋಂಗಾ ಸಾಹೇಬರ ಗಾಡಿಯಲ್ಲಿತ್ತು. ಬರೀ ಬಾಯಲ್ಲಿ ಹೇಳತೊಡಗಿದೆ. ಹೊಳೆ, ತಿರುವು, ತೊಟ್ಟಿ. ಸರಿಹೋಗಲಿಲ್ಲ. ಮಾತಿನಲ್ಲಿ ತೊಟ್ಟಿ ತೇಲುವುದಿಲ್ಲ. ಅಂಗವಸ್ತ್ರ ಸೊಂಟಕ್ಕೆ ಬಿಗಿದು, ಚಪ್ಪಲಿ ಬಿಟ್ಟು, ನಲವತ್ನಾಲ್ಕು ವರ್ಷದ ದೇಹವನ್ನು ಮರಳ ಮೇಲೆ ಉರುಳಿಸಿದೆ. ಎದ್ದು, ಇಲ್ಲದ ಊಟದ ಎಲೆಗೆ ಕೈ ಹಾಕಿದೆ. ದೊಡ್ಡಮುನಿಯಮ್ಮ ಕಂಬದ ಗುಂಡಿಯ ಹತ್ತಿರ ಬಿದ್ದಿದ್ದ ಹಂಚಿಕಡ್ಡಿ ಪೊರಕೆಯನ್ನು ಎತ್ತಿಕೊಂಡು, "ಎಲ್ಲೋಗಿದ್ಯೋ ಇಷ್ಟ್ ದಿನ!" ಎಂದು ಬಾರಿಸಿದಳು. ಪೆಟ್ಟು ಜೋರಾಗಿಯೇ ಇತ್ತು. ಓಡಿದೆ. ಪಂಚೆ ತೊಡರಿ ಗುಂಡಿಗೆ ಬಿದ್ದೆ, ಇದು ಆಟದಲ್ಲಿ ಇರಲಿಲ್ಲ.

ನಕ್ಕರು. ಅತ್ತೆ ಹಲ್ಲಿಲ್ಲದ ಬಾಯಿಗೆ ಸೆರಗು ಒತ್ತಿಕೊಂಡು, ಅಲ್ಲಾಡಿ ಅಲ್ಲಾಡಿ ನಕ್ಕಳು.

ಮೊಣಕಾಲು ತರಚಿ ಉರಿಯುತ್ತಿತ್ತು. ಏಳಲು ಕೈ ಊರಿದೆ.

"ತಡಿ ಸಾಮೀ" ಎಂದಳು ದೊಡ್ಡಮುನಿಯಮ್ಮ. "ಹಿಂದ್ಗಡೆ ಇರೋರ್ಗೆ ಕಾಣ್ಲಿಲ್ಲ. ಇನ್ನೊಂದ್ ದಪ ಬಾ."

ಹೊಳೆಯ ತಿರುವಿನಿಂದ ಮತ್ತೆ ಬಂದೆ.